ತುಟಿಗೆ ಫಿಲ್ಲರ್ ಹಾಕಿಸುವ ಮುನ್ನ ಏನೇನು ತಿಳಿದಿರಬೇಕು? ಚಿಕ್ಕಮಗಳೂರು, ಹಾಸನದ ಕಡೆಯವರು ದಯವಿಟ್ಟು ಹೇಳಿ

ಅರೇಬಿಕಾ ಹೂವು (ಚಿಕ್ಕಮಗಳೂರು)
ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ. ಮೇಲ್ದುಟಿ ತೀರಾ ತೆಳುವಾಗಿದ್ದು, ಅದನ್ನು ದಪ್ಪ ಮಾಡಲು ಫಿಲ್ಲರ್ ಎಂಬ ಜೆಲ್ ಚುಚ್ಚಿಸಿಕೊಳ್ಳಬೇಕೆಂದು ಒಂದು ವರ್ಷದಿಂದ ಯೋಚಿಸುತ್ತಿದ್ದೇನೆ. ನಮ್ಮೂರಿನಲ್ಲೇ ಹೊಸದಾಗಿ ಬಾಗಿಲು ತೆರೆದಿರುವ ಒಂದು ಸೌಂದರ್ಯ ಕೇಂದ್ರದವರು 6,000 ರೂಪಾಯಿಗೆ ಮಾಡಿಕೊಡುತ್ತೇವೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಮಾರನೆಯ ದಿನವೇ ಕೆಲಸಕ್ಕೆ ಹೋಗಬಹುದು ಎನ್ನುತ್ತಿದ್ದಾರೆ. ಬೆಂಗಳೂರಿನಲ್ಲಿ ಇದರ ಮೂರು ನಾಲ್ಕು ಪಟ್ಟು ಕೇಳಿದರು. ಇಷ್ಟೊಂದು ವ್ಯತ್ಯಾಸ ಏಕೆ, ನೋವು ಎಷ್ಟಿರುತ್ತದೆ, ಎಷ್ಟು ದಿನ ಉಳಿಯುತ್ತದೆ, ಚೆನ್ನಾಗಿ ಬರದಿದ್ದರೆ ತೆಗೆಸಬಹುದೇ ಎಂಬುದನ್ನು ಅನುಭವ ಇರುವವರು ತಿಳಿಸಬೇಕೆಂದು ಕೋರುತ್ತೇನೆ.

ಕಡೂರು ಜಂಕ್ಷನ್
ದೇವರು ಕೊಟ್ಟ ತುಟಿಗೆ ಏನಾಗಿದೆ, ತಂಗಿ? ಆ ದುಡ್ಡಿನಲ್ಲಿ ಒಂದು ಜೊತೆ ಓಲೆ ಮಾಡಿಸಿಕೊಳ್ಳಿ. ಅದನ್ನಾದರೂ ಕಷ್ಟಕಾಲದಲ್ಲಿ ಅಡ ಇಡಬಹುದು.

ಬೇಲೂರು ದರ್ಪಣ
ಕಡೂರಿನವರೇ, ಬೇಕೇ ಬೇಡವೇ ಎಂದು ಅವರು ನಮ್ಮನ್ನು ಕೇಳಲಿಲ್ಲ. ತಿಳಿದಿರಬೇಕಾದದ್ದೇನು ಎಂದು ಕೇಳಿದ್ದಾರೆ. 1117ರಲ್ಲಿ ಕಟ್ಟಿದ ನಮ್ಮೂರಿನ ದೇವಸ್ಥಾನದಲ್ಲಿಯೇ ಕನ್ನಡಿ ಹಿಡಿದು ತನ್ನ ಮುಖವನ್ನು ತಾನೇ ನೋಡಿಕೊಳ್ಳುತ್ತ ನಿಂತ ಮದನಿಕೆ ಇದ್ದಾಳೆ. ಅವಳನ್ನು ಯಾರೂ ಬೈದಂತಿಲ್ಲ.

ಸಕಲೇಶಪುರದ ಸೊಸೆ
ನಾನು ಹಾಕಿಸಿಕೊಂಡಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಬೆಂಗಳೂರಿನಲ್ಲಿ 1 ಮಿ.ಲೀ. ಸಿರಿಂಜಿಗೆ 22,000 ರೂಪಾಯಿ ಕೊಟ್ಟೆ. 1 ಮಿ.ಲೀ. ಎಂದರೆ ಬಹಳ ಎಂದುಕೊಂಡಿದ್ದೆ. ಔಷಧಿ ಕುಡಿಯುವ ಚಿಕ್ಕ ಚಮಚ 5 ಮಿ.ಲೀ. ಹಿಡಿಯುತ್ತದೆ, ಅದರ ಐದನೆಯ ಒಂದು ಪಾಲು ಮಾತ್ರ ಇದು ಎಂದು ಡಾಕ್ಟರು ತೋರಿಸಿದಾಗ ಇಷ್ಟಕ್ಕೆ ಇಷ್ಟು ಹಣವೇ ಎನಿಸಿತು. ಅವರು ಅದನ್ನೂ ಪೂರ್ತಿ ಹಾಕಲಿಲ್ಲ. ಮೊದಲ ಸಲಕ್ಕೆ ಸುಮಾರು ಮುಕ್ಕಾಲು ಭಾಗ ಸಾಕು, ಬೇಕಿದ್ದರೆ ಮುಂದೆ ಇನ್ನಷ್ಟು ಸೇರಿಸಬಹುದು, ಒಂದೇ ದಿನ ತುಂಬಿಸಿಬಿಟ್ಟರೆ ತುಟಿಯ ಗಡಿ ದಾಟಿ ಮೇಲಕ್ಕೆ ಸರಿದು ಮೀಸೆಯ ಜಾಗದಲ್ಲಿ ದಿಂಡು ಕಟ್ಟಿದಂತೆ ಕಾಣುತ್ತದೆ ಎಂದರು.

ನೋವಿನ ಮಾತು ಹೇಳುವುದಾದರೆ, ಮೊದಲು ಮರಗಟ್ಟಿಸುವ ಮುಲಾಮು ಹಚ್ಚಿ ಕೂರಿಸಿದರು. ಫಿಲ್ಲರ್‌ನಲ್ಲಿಯೂ ಲಿಡೊಕೇನ್ ಎಂಬ ಮರಗಟ್ಟಿಸುವ ಔಷಧ ಬೆರೆತಿತ್ತು. ಆದರೂ ತುಟಿಯ ನಡುಭಾಗಕ್ಕೆ ಸೂಜಿ ಇಳಿದಾಗ ಕಣ್ಣಲ್ಲಿ ನೀರು ಬಂತು. ಮಾರನೆಯ ದಿನ ಕೆಲಸಕ್ಕೆ ಹೋಗಬಹುದು ಎಂಬ ಮಾತನ್ನು ಮಾತ್ರ ನಂಬಬೇಡಿ. ಎರಡನೆಯ ದಿನ ಬೆಳಗ್ಗೆ ನನ್ನ ಮುಖ ನೋಡಿ ಅತ್ತೆಯವರು ಜೇನು ಕಚ್ಚಿತೇ ಎಂದು ಕೇಳಿದರು, ನಾನು ಹೌದು ಎಂದೆ! ಮೂರು ದಿನ ಊತ, ಒಂದು ವಾರ ಒಂದು ಬದಿಯಲ್ಲಿ ನೀಲಿ ಕಲೆ, ನಿಜವಾದ ಆಕಾರ ಕಂಡದ್ದು ಎರಡು ವಾರದ ಮೇಲೆ. ಎಂಟು ತಿಂಗಳಿಗೆ ಬಹುಪಾಲು ಇಳಿದುಹೋಯಿತು. ಮತ್ತೆ ಹಾಕಿಸಿಲ್ಲ, ಆದರೆ ಹಾಕಿಸಿದ್ದಕ್ಕೆ ಬೇಸರವೂ ಇಲ್ಲ.

ಕಡೂರು ಜಂಕ್ಷನ್
ಎಂಟು ತಿಂಗಳಿಗೆ 22,000. ಓಲೆಯ ಮಾತನ್ನು ನಾನು ಸುಮ್ಮನೆ ಹೇಳಲಿಲ್ಲ.

ಚರ್ಮವೈದ್ಯೆ (ಹಾಸನ)
ನಾನು ಚರ್ಮರೋಗ ತಜ್ಞೆ. ನನ್ನ ಚಿಕಿತ್ಸಾಲಯದಲ್ಲಿ ಫಿಲ್ಲರ್ ಹಾಕುವುದಿಲ್ಲ, ಆದ್ದರಿಂದ ಇದರಲ್ಲಿ ನನಗೆ ವ್ಯಾಪಾರವೇನೂ ಇಲ್ಲ. ಆದರೆ ಬೇರೆಡೆ ಹಾಕಿಸಿಕೊಂಡು ತೊಂದರೆಯಾದವರು ನನ್ನ ಬಳಿಗೆ ಬರುತ್ತಾರೆ.

ಬೆಲೆಯ ಪ್ರಶ್ನೆಗಿಂತ ಮುಂಚೆ ಆ ಸಿರಿಂಜಿನೊಳಗೆ ಇರುವುದು ಏನು ಎಂದು ಕೇಳಬೇಕು. ತುಟಿಗೆ ಇಂದು ಬಳಸುವುದು ಹೆಚ್ಚಾಗಿ ಹಯಲುರಾನಿಕ್ ಆಸಿಡ್ ಎಂಬ ಸಕ್ಕರೆಯ ಜಾತಿಯ ವಸ್ತು. ಅದು ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ, ಕಣ್ಣಿನಲ್ಲಿ ಸಹಜವಾಗಿಯೇ ಇರುತ್ತದೆ ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ದೇಹದಲ್ಲಿರುವುದು ಕೆಲವೇ ದಿನಗಳಲ್ಲಿ ಕರಗಿ ಹೊಸದಾಗುತ್ತಿರುವುದರಿಂದ, ಫಿಲ್ಲರ್ ತಯಾರಿಸುವಾಗ ಅದರ ಎಳೆಗಳನ್ನು ಒಂದಕ್ಕೊಂದು ಹೆಣೆದು ಬೇಗ ಕರಗದ ಜೆಲ್ ಮಾಡುತ್ತಾರೆ. ರೆಸ್ಟಿಲೇನ್, ಜುವೆಡರ್ಮ್ ಮುಂತಾದ ಹೆಸರುಗಳಲ್ಲಿ ಬರುವುದು ಇದೇ. ಅಮೆರಿಕದಲ್ಲಿ ಔಷಧಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ ಸಂಸ್ಥೆಯು 2003ರಲ್ಲಿ ರೆಸ್ಟಿಲೇನ್‌ಗೆ ಒಪ್ಪಿಗೆ ಕೊಟ್ಟದ್ದು ಮುಖದ ಸುಕ್ಕುಗಳಿಗೆ. ತುಟಿ ದಪ್ಪ ಮಾಡಲು ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ.

ಇದರ ದೊಡ್ಡ ಅನುಕೂಲವೆಂದರೆ ಹಯಲುರಾನಿಡೇಸ್ ಎಂಬ ಕಿಣ್ವವನ್ನು ಚುಚ್ಚಿ ಇದನ್ನು ಕರಗಿಸಬಹುದು. ದ್ರವ ಸಿಲಿಕೋನಿನಂತಹ ಶಾಶ್ವತ ವಸ್ತುಗಳನ್ನು ಹಾಕಿದರೆ ಆ ದಾರಿ ಇಲ್ಲ. ಗಂಟು ಕಟ್ಟಿದರೆ ಕೊಯ್ದೇ ತೆಗೆಯಬೇಕು, ಅದೂ ಪೂರ್ತಿಯಾಗಿ ಬರುವುದಿಲ್ಲ. ಒಮ್ಮೆ ಹಾಕಿದರೆ ಜೀವನಪೂರ್ತಿ ಇರುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಮಲ್ಲಿಗೆ ಪಾರ್ಲರ್
ಚಿಕ್ಕ ಊರಿನ ಸೌಂದರ್ಯ ಕೇಂದ್ರದವರೆಲ್ಲ ಮೋಸಗಾರರು ಎಂಬಂತೆ ಮಾತು ಹೋಗುತ್ತಿರುವುದರಿಂದ ಬರೆಯುತ್ತಿದ್ದೇನೆ. ನಾನು ಹದಿನಾಲ್ಕು ವರ್ಷದಿಂದ ಪಾರ್ಲರ್ ನಡೆಸುತ್ತಿದ್ದೇನೆ. ಎರಡು ದಿನದ ತರಬೇತಿಗೆ ಬನ್ನಿ, ಪ್ರಮಾಣಪತ್ರ ಕೊಡುತ್ತೇವೆ, ಸೂಜಿಯೇ ಇಲ್ಲದ ಹಯಲುರಾನ್ ಪೆನ್ ಕೊಡುತ್ತೇವೆ, ಒತ್ತಡದಿಂದ ಔಷಧ ತಾನೇ ಒಳಗೆ ಹೋಗುತ್ತದೆ ಎಂದು ನನ್ನನ್ನೂ ಕರೆದಿದ್ದರು. ಸೂಜಿ ಇಲ್ಲವಾದ್ದರಿಂದ ವೈದ್ಯರೇ ಬೇಕೆಂದಿಲ್ಲ ಎಂಬುದು ಅವರ ವಾದವಾಗಿತ್ತು. ನನ್ನ ಕೈ ಹುಬ್ಬು ತಿದ್ದುವುದಕ್ಕೆ ಪಳಗಿದೆ, ರಕ್ತನಾಳ ಎಲ್ಲಿದೆ ಎಂದು ನನಗೆ ಗೊತ್ತಿಲ್ಲ ಎಂದು ಹೇಳಿ ಬಂದುಬಿಟ್ಟೆ. ಹೋದವರೂ ಇದ್ದಾರೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಚರ್ಮವೈದ್ಯೆ (ಹಾಸನ)
ನೀವು ಬಂದುಬಿಟ್ಟದ್ದು ಬಹಳ ಒಳ್ಳೆಯದಾಯಿತು. ಆ ಪೆನ್ನುಗಳನ್ನು ಬಳಸಬಾರದೆಂದು ಎಫ್‌ಡಿಎ 2021ರ ಅಕ್ಟೋಬರಿನಲ್ಲಿ ಬಹಿರಂಗವಾಗಿ ಎಚ್ಚರಿಸಿದೆ. ಒತ್ತಡದಿಂದ ನುಗ್ಗುವ ಜೆಲ್ ಎಷ್ಟು ಆಳಕ್ಕೆ, ಯಾವ ಕಡೆಗೆ ಹೋಗುತ್ತದೆ ಎಂಬುದರ ಮೇಲೆ ಹಿಡಿತವೇ ಇರುವುದಿಲ್ಲ.

ಸಾಲಗಾಮೆ ರಸ್ತೆ ಮೆಡಿಕಲ್ಸ್
ಔಷಧಿ ಅಂಗಡಿಯವನಾಗಿ ಎರಡು ಮಾತು ಸೇರಿಸುತ್ತೇನೆ. ಸಿರಿಂಜನ್ನು ನಿಮ್ಮ ಕಣ್ಣೆದುರಿಗೇ ಪೆಟ್ಟಿಗೆಯಿಂದ ಬಿಚ್ಚಬೇಕು. ಪೆಟ್ಟಿಗೆಯ ಮೇಲೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಹೊರದೇಶದ್ದಾದರೆ ಆಮದು ಪರವಾನಗಿಯ ಸಂಖ್ಯೆ ಇರಬೇಕು. ಒಳ್ಳೆಯ ಕಂಪನಿಯ ಪೆಟ್ಟಿಗೆಯಲ್ಲಿ ಕಿತ್ತು ಅಂಟಿಸುವ ಚೀಟಿಗಳಿರುತ್ತವೆ; ಒಂದು ನಿಮ್ಮ ಕಡತಕ್ಕೆ, ಇನ್ನೊಂದು ನಿಮ್ಮ ಕೈಗೆ. ಆ ಚೀಟಿ ಕೊಡಲು ಹಿಂದೆಮುಂದೆ ನೋಡಿದರೆ ಮಾಲಿನ ಮೂಲದ ಬಗ್ಗೆ ಅನುಮಾನ ಪಡಬೇಕು. 6,000ಕ್ಕೆ 1 ಮಿ.ಲೀ. ಅಸಲಿ ಮಾಲು ಕೊಟ್ಟು, ಅದರಲ್ಲಿ ಲಾಭವನ್ನೂ ಮಾಡಿಕೊಳ್ಳುವ ಲೆಕ್ಕ ನನಗಂತೂ ಹೊಂದುತ್ತಿಲ್ಲ. ಒಂದೇ ಸಿರಿಂಜನ್ನು ಇಬ್ಬರು ಮೂವರಿಗೆ ಹಂಚಿದರೆ ಮಾತ್ರ ಹೊಂದೀತು. ಹಾಗೆ ಮಾಡಿದರೆ ರಕ್ತದ ಮೂಲಕ ಹರಡುವ ರೋಗಗಳಿಗೆ ಬಾಗಿಲು ತೆರೆದಂತೆ. ಒಬ್ಬರಿಗೆ ಬಳಸಿ ಉಳಿದದ್ದು ಇನ್ನೊಬ್ಬರಿಗಲ್ಲ, ಎಂದಿಗೂ.

ಹೇಮಾವತಿ ದಂಡೆ
ಹಾಗಾದರೆ ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡು ಅದೇ ರಾತ್ರಿ ಬಸ್ಸಿನಲ್ಲಿ ವಾಪಸು ಬಂದರೆ ಆಯಿತಲ್ಲ? ಚರ್ಚೆ ಏಕೆ ಇಷ್ಟು ಉದ್ದವಾಗುತ್ತಿದೆ?

ಚರ್ಮವೈದ್ಯೆ (ಹಾಸನ)
ಅದನ್ನೇ ಮಾಡಬಾರದು ಎಂದು ಹೇಳಲು ಹೊರಟಿದ್ದೆ.

ತುಟಿಯ ಮೇಲ್ಭಾಗದಲ್ಲಿಯೂ ಕೆಳಭಾಗದಲ್ಲಿಯೂ ಮುಖದ ಮುಖ್ಯ ಅಪಧಮನಿಯ ಕವಲುಗಳು ಹಾದುಹೋಗುತ್ತವೆ, ಮತ್ತು ಅವುಗಳ ದಾರಿ ಎಲ್ಲರಲ್ಲಿಯೂ ಒಂದೇ ತೆರನಾಗಿರುವುದಿಲ್ಲ. ಜೆಲ್ ಆ ನಾಳದೊಳಕ್ಕೆ ಹೋದರೆ ಅಥವಾ ಹೊರಗಿನಿಂದ ಅದನ್ನು ಅಮುಕಿದರೆ, ಮುಂದಿನ ಭಾಗಕ್ಕೆ ರಕ್ತ ಹೋಗುವುದು ನಿಂತು ಚರ್ಮ ಸಾಯತೊಡಗುತ್ತದೆ. ತೀರ ಅಪರೂಪಕ್ಕೆ, ರಕ್ತನಾಳಗಳ ನಂಟಿನಿಂದ ಜೆಲ್ ಕಣ್ಣಿನವರೆಗೂ ಹೋಗಿ ದೃಷ್ಟಿ ಕಳೆದ ಪ್ರಕರಣಗಳಿವೆ. ಆ ಅಪಾಯ ತುಟಿಗಿಂತ ಮೂಗಿನಲ್ಲಿ ಮತ್ತು ಎರಡು ಹುಬ್ಬುಗಳ ನಡುವಿನ ಜಾಗದಲ್ಲಿ ಹೆಚ್ಚು.

ನಾಳ ಕಟ್ಟಿದ್ದರ ಲಕ್ಷಣಗಳು ಸಾಮಾನ್ಯ ಊತದಂತೆ ಇರುವುದಿಲ್ಲ. ತುಟಿಯೋ ಅದರ ಮೇಲಿನ ಚರ್ಮವೋ ಬಿಳುಚಿಕೊಳ್ಳುತ್ತದೆ, ಆಮೇಲೆ ಬಲೆ ಹರಡಿದಂತೆ ನೇರಳೆ ಗೆರೆಗಳು ಮೂಡುತ್ತವೆ, ನೋವು ಕಡಿಮೆಯಾಗುವ ಬದಲು ಏರುತ್ತ ಹೋಗುತ್ತದೆ. ಬೆರಳಿನಿಂದ ಒತ್ತಿ ಬಿಟ್ಟಾಗ ಒಂದೆರಡು ಸೆಕೆಂಡಿನಲ್ಲಿ ಬಣ್ಣ ಮರಳಬೇಕು, ತಡವಾದರೆ ಎಚ್ಚರಗೊಳ್ಳಬೇಕು. ಲಿಡೊಕೇನ್ ಇರುವುದರಿಂದ ಮೊದಲ ಕೆಲವು ಗಂಟೆ ನೋವು ಗೊತ್ತಾಗದೆಯೂ ಇರಬಹುದು, ಆದ್ದರಿಂದ ನೋವಿಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಚಿಕಿತ್ಸೆ ಎಂದರೆ ಕೂಡಲೇ ಹಯಲುರಾನಿಡೇಸ್ ಚುಚ್ಚುವುದು, ಬಣ್ಣ ಮರಳುವವರೆಗೆ ಮತ್ತೆ ಮತ್ತೆ ಚುಚ್ಚುವುದು. ಇಲ್ಲಿ ಲೆಕ್ಕ ಗಂಟೆಗಳದ್ದು, ದಿನಗಳದ್ದಲ್ಲ.

ಈಗ ಯೋಚಿಸಿ: ರಾತ್ರಿ ಹತ್ತು ಗಂಟೆಗೆ ಬಸ್ಸು ಕುಣಿಗಲ್ ದಾಟಿದ ಮೇಲೆ ನಿಮ್ಮ ತುಟಿ ಬಿಳುಚಿಕೊಂಡರೆ ಯಾರ ಬಳಿಗೆ ಹೋಗುತ್ತೀರಿ? ಬೆಂಗಳೂರಿನಲ್ಲಿ ಹಾಕಿಸುವುದಾದರೆ ಕನಿಷ್ಠ ಎರಡು ರಾತ್ರಿ ಅಲ್ಲಿಯೇ ನೆಂಟರ ಮನೆಯಲ್ಲಿ ಉಳಿಯಿರಿ. ಹಾಕಿದ ವೈದ್ಯರ ಸ್ವಂತ ಮೊಬೈಲ್ ಸಂಖ್ಯೆಯನ್ನು ಕೇಳಿ ಪಡೆಯಿರಿ. ಸ್ವಾಗತದ ಮೇಜಿನ ಸಂಖ್ಯೆ ಸಾಲದು, ಅದು ಸಂಜೆ ಏಳಕ್ಕೆ ಬಂದ್ ಆಗುತ್ತದೆ.

ಸಕಲೇಶಪುರದ ಸೊಸೆ
ನಾನು ಅದೇ ಸಂಜೆ ರೈಲು ಹತ್ತಿದ್ದೆ. ಇದನ್ನು ಯಾರೂ ಹೇಳಿರಲಿಲ್ಲ. ಈಗ ಓದಿ ಮೈ ಜುಮ್ಮೆಂದಿತು.

ಹೇಮಾವತಿ ದಂಡೆ
ನನ್ನ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ಆದರೆ ಊತಕ್ಕೆ ಮಂಜುಗಡ್ಡೆ ಇಟ್ಟರೆ ಇಳಿಯುವುದಿಲ್ಲವೇ?

ಚರ್ಮವೈದ್ಯೆ (ಹಾಸನ)
ಸಾಮಾನ್ಯ ಊತಕ್ಕೆ ಬಟ್ಟೆಯಲ್ಲಿ ಸುತ್ತಿ ಹಗುರವಾಗಿ ಇಡಬಹುದು. ಚರ್ಮ ಬಿಳುಚಿಕೊಂಡಿದೆ ಎನಿಸಿದರೆ ಮಾತ್ರ ಇಡಲೇಬಾರದು, ಏಕೆಂದರೆ ತಂಪಿಗೆ ನಾಳಗಳು ಇನ್ನಷ್ಟು ಕುಗ್ಗುತ್ತವೆ. ವೈದ್ಯರಿಗೆ ಫೋನ್ ಮಾಡಿ ಹೊರಡಿ, ದಾರಿಯಲ್ಲಿ ಬೆಚ್ಚಗಿನ ಬಟ್ಟೆ ಇಟ್ಟುಕೊಳ್ಳಿ.

ಮೂಡಿಗೆರೆ ತೋಟ
ಈ ಹಯಲುರಾನಿಡೇಸ್ ಎಂಬ ಹೆಸರನ್ನು ನಾನು ಬೇರೆ ಕಡೆ ಕೇಳಿದ್ದೇನೆ. ಎರಡು ವರ್ಷದ ಹಿಂದೆ ಮೆಣಸು ಕೊಯ್ಯುವಾಗ ಹೆಜ್ಜೇನು ಎದ್ದು, ನಮ್ಮ ತೋಟದ ಒಬ್ಬ ಹುಡುಗನಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಜೇನಿನ ವಿಷದಲ್ಲಿ ಇದೇ ಕಿಣ್ವ ಇರುತ್ತದೆ, ಅದು ಒಗ್ಗದವರೂ ಇರುತ್ತಾರೆ ಎಂದು ಅಲ್ಲಿನ ವೈದ್ಯರು ವಿವರಿಸಿದ್ದರು. ಇದು ಅದೇ ಹೌದೇ, ಅಥವಾ ನಾನು ತಪ್ಪು ತಿಳಿದಿದ್ದೇನೆಯೇ?

ಚರ್ಮವೈದ್ಯೆ (ಹಾಸನ)
ಸರಿಯಾಗಿಯೇ ತಿಳಿದಿದ್ದೀರಿ, ಮತ್ತು ನಮ್ಮ ಮಲೆನಾಡಿಗೆ ಇದಕ್ಕಿಂತ ಮುಖ್ಯವಾದ ಮಾತು ಇಲ್ಲ. ಜೇನು, ಕಣಜ ಕಚ್ಚಿದಾಗ ಮೈಯೆಲ್ಲ ದದ್ದು, ಉಸಿರಾಟದ ತೊಂದರೆ, ಮೂರ್ಛೆ ಇವುಗಳಲ್ಲಿ ಯಾವುದಾದರೂ ಆಗಿದ್ದರೆ, ಕರಗಿಸುವ ಔಷಧವೂ ಅವರಿಗೆ ಒಗ್ಗದೇ ಹೋಗಬಹುದು. ಕಚ್ಚಿದ ಜಾಗ ಮಾತ್ರ ಊದಿಕೊಂಡಿದ್ದರೆ ಅದು ಬೇರೆ. ಅದು ಎಲ್ಲರಿಗೂ ಆಗುತ್ತದೆ. ನಗರದ ವೈದ್ಯರಿಗೆ ಈ ಪ್ರಶ್ನೆ ತಾನಾಗಿ ಹೊಳೆಯದಿರಬಹುದು, ಆದ್ದರಿಂದ ತೋಟದ ಕಡೆಯವರು ತಾವಾಗಿಯೇ ಹೇಳಬೇಕು.

ಸಾಲಗಾಮೆ ರಸ್ತೆ ಮೆಡಿಕಲ್ಸ್
ಅದು ಸಿಗದ ಔಷಧವೇನೂ ಅಲ್ಲ ಎಂಬುದನ್ನೂ ಹೇಳಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಮರಗಟ್ಟಿಸುವ ಔಷಧ ಚೆನ್ನಾಗಿ ಹರಡಲೆಂದು ಇದನ್ನು ಬಹಳ ಕಾಲದಿಂದ ಬೆರೆಸುತ್ತಾರೆ. ಆದ್ದರಿಂದ ಫಿಲ್ಲರ್ ಹಾಕುವವರು ನಮ್ಮಲ್ಲಿ ಅದು ಸಿಗುವುದಿಲ್ಲ ಎಂದರೆ, ತರಿಸಿಟ್ಟಿಲ್ಲ ಎಂದೇ ಅರ್ಥ.

ಹಲ್ಲಿನ ಲೆಕ್ಕ (ಅರಸೀಕೆರೆ)
ದಂತವೈದ್ಯನಾಗಿ ಒಂದು ಆಕ್ಷೇಪ ಇದೆ. ಚರ್ಮವೈದ್ಯರು ಮತ್ತು ಪ್ಲಾಸ್ಟಿಕ್ ಸರ್ಜನ್‌ಗಳು ಮಾತ್ರ ಇದನ್ನು ಬಲ್ಲರು ಎಂಬ ಭಾವನೆ ಬರದಿರಲಿ. ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಎಂ.ಡಿ.ಎಸ್. ಎಂಬ ದಂತವೈದ್ಯದ ಉನ್ನತ ಪದವಿ ಪಡೆದವರು ತುಟಿ ಹರಿದವರನ್ನು, ದವಡೆ ಮುರಿದವರನ್ನು ನಿತ್ಯವೂ ಹೊಲಿಯುತ್ತಿರುತ್ತಾರೆ. ಆ ನಾಳಗಳು ಅವರಿಗೆ ಅಂಗೈ ರೇಖೆಯಷ್ಟೇ ಪರಿಚಿತ. ಇನ್ನೊಂದು ಉಪಯುಕ್ತ ವಿಷಯ: ಫಿಲ್ಲರ್‌ಗೆ ಹಿಂದಿನ ಮತ್ತು ಮುಂದಿನ ಎರಡು ವಾರ ಹಲ್ಲು ಸ್ವಚ್ಛ ಮಾಡಿಸುವುದು, ಕೀಳಿಸುವುದು, ಬೇರಿನ ಚಿಕಿತ್ಸೆ ಇವನ್ನು ಇಟ್ಟುಕೊಳ್ಳಬೇಡಿ. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಜೆಲ್ ಇರುವ ಜಾಗದಲ್ಲಿ ನೆಲೆಯೂರುವ ಸಾಧ್ಯತೆ ಇರುತ್ತದೆ. ಹುಳುಕು ಹಲ್ಲು ಇದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ.

ಚರ್ಮವೈದ್ಯೆ (ಹಾಸನ)
ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಪದವಿಯ ಜೊತೆಗೆ, ಫಿಲ್ಲರ್‌ನಲ್ಲಿ ಎಷ್ಟು ಕೈ ಪಳಗಿದೆ ಎಂಬುದನ್ನೂ ಕೇಳಬೇಕು. ಇದು ನನ್ನಂತಹ ಚರ್ಮವೈದ್ಯರಿಗೂ ಅನ್ವಯಿಸುತ್ತದೆ. ನಾನು ಹಾಕದಿರುವುದು ಆ ಕಾರಣಕ್ಕೇ.

ಶಾಲೆ ಮೇಡಂ (ಕೊಪ್ಪ)
ನನಗೆ ಜ್ವರ ಬಂದಾಗಲೆಲ್ಲ ತುಟಿಯ ಅಂಚಿನಲ್ಲಿ ನೀರುಗುಳ್ಳೆಗಳು ಏಳುತ್ತವೆ. ಅದು ಸರ್ಪಸುತ್ತು, ಅಂತಹವರು ಫಿಲ್ಲರ್ ಹಾಕಿಸಲೇಬಾರದು ಎಂದು ಗೆಳತಿ ಹೇಳಿದಳು.

ಚರ್ಮವೈದ್ಯೆ (ಹಾಸನ)
ಅದು ಸರ್ಪಸುತ್ತು ಅಲ್ಲ, ಮೇಡಂ. ತುಟಿಯ ಅಂಚಿನಲ್ಲಿ ಮರುಕಳಿಸುವ ಗುಳ್ಳೆ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನದು. ಸರ್ಪಸುತ್ತು ಮಕ್ಕಳಲ್ಲಿ ಬರುವ ಚಿಕನ್‌ಪಾಕ್ಸಿನ ವೈರಸ್ಸಿನದು. ಎರಡೂ ಒಂದೇ ಕುಟುಂಬದವು, ಆದರೆ ಬೇರೆ ಬೇರೆ. ಸೂಜಿಯ ಗಾಯದಿಂದ ನಿಮ್ಮ ವೈರಸ್ ಮತ್ತೆ ಎದ್ದೇಳಬಹುದು, ಆದ್ದರಿಂದ ಮುಂಚಿತವಾಗಿ ತಿಳಿಸಿದರೆ ವೈದ್ಯರು ಅದನ್ನು ತಡೆಯುವ ಮಾತ್ರೆ ಕೊಡುತ್ತಾರೆ. ಗುಳ್ಳೆ ಇರುವಾಗ ಮಾತ್ರ ಹಾಕುವಂತಿಲ್ಲ. ಗರ್ಭಿಣಿಯರು, ಎದೆಹಾಲು ಕೊಡುತ್ತಿರುವವರು ಮುಂದಕ್ಕೆ ಹಾಕಬೇಕು.

ಮಲ್ಲಿಗೆ ಪಾರ್ಲರ್
ನನ್ನ ಗ್ರಾಹಕರೊಬ್ಬರು ನೀಲಿ ಕಲೆ ಆಗಬಾರದೆಂದು ಹೃದಯಕ್ಕೆ ಕೊಟ್ಟಿದ್ದ ಆಸ್ಪಿರಿನ್ ಮಾತ್ರೆಯನ್ನು ಫಿಲ್ಲರ್‌ಗಾಗಿ ತಾವೇ ನಿಲ್ಲಿಸಿದ್ದರು. ಅದನ್ನೂ ಇಲ್ಲಿ ಹೇಳುವುದು ಒಳ್ಳೆಯದು ಎನಿಸುತ್ತದೆ.

ಸಾಲಗಾಮೆ ರಸ್ತೆ ಮೆಡಿಕಲ್ಸ್
ಅಯ್ಯೋ, ಖಂಡಿತ ಹಾಗೆ ಮಾಡಬಾರದು. ನೋವಿಗೆಂದು ಅಂಗಡಿಯಲ್ಲಿ ಕೊಳ್ಳುವ ಐಬುಪ್ರೊಫೆನ್, ಮೀನೆಣ್ಣೆಯ ಮಾತ್ರೆ ಇವನ್ನು ವೈದ್ಯರನ್ನು ಕೇಳಿ ಒಂದು ವಾರ ಬಿಡಬಹುದು. ಹೃದಯಕ್ಕೆ ಬರೆದುಕೊಟ್ಟದ್ದನ್ನು ಬರೆದುಕೊಟ್ಟವರೇ ನಿಲ್ಲಿಸಬೇಕು. ತುಟಿಯ ಮೇಲಿನ ನೀಲಿ ಕಲೆ ಹತ್ತು ದಿನಕ್ಕೆ ಹೋಗುತ್ತದೆ.

ಅರೇಬಿಕಾ ಹೂವು (ಚಿಕ್ಕಮಗಳೂರು)
ಇಷ್ಟು ಜನ ಇಷ್ಟು ವಿವರವಾಗಿ ಬರೆಯುತ್ತೀರೆಂದು ನಿರೀಕ್ಷಿಸಿರಲಿಲ್ಲ. ಮೊದಲು ಹೇಳಲು ಸಂಕೋಚವಾಗಿದ್ದ ಒಂದು ಸಂಗತಿಯನ್ನು ಈಗ ಹೇಳುತ್ತೇನೆ. ನನ್ನ ಮೇಲ್ದುಟಿ ಹುಟ್ಟಿನಿಂದ ತೆಳುವಲ್ಲ. ಏಳು ವರ್ಷದವಳಿದ್ದಾಗ ಕಾಫಿ ಒಣಗಿಸುವ ಕಣದ ಮೆಟ್ಟಿಲಿನಿಂದ ಬಿದ್ದು ತುಟಿ ಸೀಳಿತ್ತು, ಐದು ಹೊಲಿಗೆ ಹಾಕಿದ್ದರು. ಎಡಭಾಗ ಇಂದಿಗೂ ಒಳಕ್ಕೆ ಎಳೆದುಕೊಂಡಂತಿದೆ. ಆ ಸೌಂದರ್ಯ ಕೇಂದ್ರದವರು ನೋಡಿದರೂ ಅದರ ಬಗ್ಗೆ ಏನನ್ನೂ ಕೇಳಲಿಲ್ಲ.

ಕಡೂರು ಜಂಕ್ಷನ್
ಮೊದಲೇ ಹೇಳಿದ್ದರೆ ನಾನು ಓಲೆಯ ಮಾತು ಎತ್ತುತ್ತಿರಲಿಲ್ಲವಲ್ಲ, ತಂಗಿ.

ಬೇಲೂರು ದರ್ಪಣ
ಗಾಯ ಇದ್ದರೆ ಮಾತ್ರ ಆಸೆಪಡಬಹುದು ಎಂಬ ನಿಯಮ ಯಾವಾಗ ಬಂತು, ಸ್ವಾಮಿ?

ಚರ್ಮವೈದ್ಯೆ (ಹಾಸನ)
ಇಬ್ಬರೂ ಸ್ವಲ್ಪ ತಾಳಿ. ಇದು ಸಂಕೋಚದ ವಿಷಯವಲ್ಲ, ಎಲ್ಲಕ್ಕಿಂತ ಮೊದಲು ಹೇಳಬೇಕಾಗಿದ್ದ ವಿಷಯ. ಹೊಲಿದ ಜಾಗದಲ್ಲಿ ಗಾಯದ ಅಂಗಾಂಶ ಗಟ್ಟಿಯಾಗಿರುತ್ತದೆ. ಜೆಲ್ ಅದರೊಳಗೆ ಹರಡದೆ ಅಕ್ಕಪಕ್ಕದ ಮೆತ್ತನೆಯ ಜಾಗಕ್ಕೆ ನುಗ್ಗಿದರೆ, ನಡುವೆ ಕುಳಿ ಹಾಗೆಯೇ ಉಳಿದು ಎರಡೂ ಬದಿ ಉಬ್ಬಿಕೊಳ್ಳುತ್ತದೆ. ಸೀಳಿ ಕೂಡಿದ ಕಡೆ ರಕ್ತನಾಳದ ದಾರಿಯೂ ಬದಲಾಗಿರಬಹುದು. ನಿಮಗೆ ಫಿಲ್ಲರ್ ಬೇಕೇ, ಮೊದಲು ಆ ಗಾಯದ ಎಳೆತವನ್ನು ಬಿಡಿಸಬೇಕೇ, ಅಥವಾ ಚಿಕ್ಕ ಶಸ್ತ್ರಚಿಕಿತ್ಸೆಯೇ ಸಾಕೇ ಎಂಬುದನ್ನು ಬೆರಳಿನಿಂದ ಮುಟ್ಟಿ ನೋಡಿದ ಪ್ಲಾಸ್ಟಿಕ್ ಸರ್ಜನ್ ಹೇಳಬೇಕು.

ಎಲ್ಲಿಗೆ ಹೋದರೂ ಅವರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ನೋಡಿಕೊಳ್ಳಿ. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಚಿಕಿತ್ಸಾಲಯವೂ ನೋಂದಣಿಯಾಗಿರಬೇಕು, ಆ ಪ್ರಮಾಣಪತ್ರ ಗೋಡೆಯ ಮೇಲೆ ಕಾಣುವಂತಿರಬೇಕು. ಜಿಲ್ಲೆಯಲ್ಲಿ ಆ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ದೂರನ್ನೂ ಅಲ್ಲಿಯೇ ಕೊಡಬಹುದು.

ಹೇಮಾವತಿ ದಂಡೆ
ಒಂದು ಸಣ್ಣ ಪ್ರಶ್ನೆ: ಹಾಕಿಸಿದ ದಿನ ಕಾಫಿ ಕುಡಿಯಬಹುದೇ?

ಸಕಲೇಶಪುರದ ಸೊಸೆ
ತುಟಿ ಮರಗಟ್ಟಿರುವಾಗ ಬಿಸಿ ಗೊತ್ತಾಗುವುದಿಲ್ಲ, ಸುಟ್ಟುಕೊಳ್ಳುತ್ತೀರಿ. ನಾನು ಸಂಜೆಯವರೆಗೆ ಕಾಫಿ ಇಲ್ಲದೆ ಇದ್ದೆ, ಅದು ಸೂಜಿಗಿಂತ ಹೆಚ್ಚು ಕಷ್ಟವಾಯಿತು. ಲಿಪ್‌ಸ್ಟಿಕ್ ಒಂದು ದಿನ ಬೇಡ, ಓಟ ಮತ್ತು ಭಾರ ಎತ್ತುವುದು ಎರಡು ದಿನ ಬೇಡ, ತಲೆದಿಂಬು ಎತ್ತರವಾಗಿರಲಿ ಎಂದಿದ್ದರು. ಮದುವೆ, ಗೃಹಪ್ರವೇಶ ಏನಾದರೂ ಇದ್ದರೆ ಒಂದು ತಿಂಗಳು ಮುಂಚೆಯೇ ಮುಗಿಸಿಕೊಳ್ಳಿ.

ಅರೇಬಿಕಾ ಹೂವು (ಚಿಕ್ಕಮಗಳೂರು)
ಇಂದು ಬೆಳಗ್ಗೆ ಆ ಸೌಂದರ್ಯ ಕೇಂದ್ರಕ್ಕೆ ಫೋನ್ ಮಾಡಿ, ಕರಗಿಸುವ ಔಷಧವನ್ನು ಇಟ್ಟುಕೊಂಡಿದ್ದೀರಾ ಎಂದು ಕೇಳಿದೆ. ನಮ್ಮಲ್ಲಿ ಅದರ ಅವಶ್ಯಕತೆಯೇ ಬಂದಿಲ್ಲ, ಮೇಡಂ ಎಂದರು. ಯಾವ ಕಂಪನಿಯ ಫಿಲ್ಲರ್ ಎಂದು ಕೇಳಿದ್ದಕ್ಕೆ ಕೊರಿಯಾದ್ದು ಎಂದರು, ಹೆಸರು ಹೇಳಲಿಲ್ಲ. ಕೊಟ್ಟಿದ್ದ 1,000 ರೂಪಾಯಿ ಮುಂಗಡ ವಾಪಸು ಬರುವುದಿಲ್ಲವಂತೆ. ಹೋಗಲಿ ಎಂದು ಬಿಟ್ಟೆ. ಬೆಂಗಳೂರಿನಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜನ್ ಬಳಿ ಜನವರಿ ಕೊನೆಗೆ ಸಮಯ ಸಿಕ್ಕಿದೆ, ಅಷ್ಟು ಹೊತ್ತಿಗೆ ಅರೇಬಿಕಾ ಕೊಯ್ಲೂ ಮುಗಿದಿರುತ್ತದೆ. ಚಿಕ್ಕಮ್ಮನ ಮನೆಯಲ್ಲಿ ಮೂರು ದಿನ ಉಳಿಯುತ್ತೇನೆ.

ಇನ್ನೊಂದು ನೆನಪಾಯಿತು. ಹನ್ನೆರಡನೆಯ ವಯಸ್ಸಿನಲ್ಲಿ ನನಗೂ ಹೆಜ್ಜೇನು ಕಚ್ಚಿತ್ತು, ಮೈಯೆಲ್ಲ ದದ್ದು ಎದ್ದು ಇಂಜೆಕ್ಷನ್ ಕೊಡಿಸಿದ್ದರೆಂದು ಅಮ್ಮ ಹೇಳುತ್ತಾರೆ. ಇದು ಲೆಕ್ಕಕ್ಕೆ ಬರುತ್ತದೆಯೇ?

ಚರ್ಮವೈದ್ಯೆ (ಹಾಸನ)
ಬರುತ್ತದೆ. ಸರ್ಜನ್ ಎದುರಿಗೆ ಕುಳಿತಾಗ ಹೊಲಿಗೆಯ ಮಾತಿಗಿಂತಲೂ ಮೊದಲು ಅದನ್ನೇ ಹೇಳಿ, ಸಾಧ್ಯವಾದರೆ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಎಷ್ಟು ಹೊತ್ತಿನಲ್ಲಿ ದದ್ದು ಎದ್ದಿತು, ಉಸಿರು ಕಟ್ಟಿತ್ತೇ ಎಂದು ಅವರನ್ನೇ ಕೇಳಬೇಕಾಗುತ್ತದೆ.